ಮಂಚದ ಹಲಗೆಯ ಬಿಲ್ಲು

ಬಲಭುಜ ಹಿಡಿದುಕೊಂಡು ಆರು ತಿಂಗಳಾಗಿತ್ತು. ಕಪ್ಪುಹಲಗೆಯ ಮೇಲ್ತುದಿಯಲ್ಲಿ ತಾರೀಖು ಬರೆಯಲು ಮಕ್ಕಳನ್ನು ಕರೆಯುತ್ತಿದ್ದೆ. ಜಡೆ ಹೆಣೆಯಲು ಕೈ ಹಿಂದಕ್ಕೆ ಹೋಗದೆ, ಇದ್ದಷ್ಟು ಕೂದಲಿಗೆ ಒಂದು ಕ್ಲಿಪ್ಪು ಸಿಕ್ಕಿಸಿಕೊಂಡು ಶಾಲೆಗೆ ಓಡುತ್ತಿದ್ದೆ. "ಐವತ್ತು ದಾಟಿದ ಹೆಂಗಸರಿಗೆ ಇದು ಸಾಮಾನ್ಯ" ಎಂದರು ಡಾಕ್ಟರು. ಸಾಮಾನ್ಯ ಎಂದು ತಿಳಿದದ್ದರಿಂದ ನೋವೇನೂ ಕಡಿಮೆಯಾಗಲಿಲ್ಲ. ಕೊನೆಗೆ ವ್ಯಾಯಾಮ ಕಲಿಸುವ ಹುಡುಗಿ ಕೆಂಪು ರಬ್ಬರ್ ಪಟ್ಟಿಯೊಂದನ್ನು ಕೊಟ್ಟು, ಒಂದು ತುದಿಯನ್ನು ಎಡಗೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು ಇನ್ನೊಂದನ್ನು ಬಲಗೈಯಲ್ಲಿ ಎದೆಯತ್ತ ಎಳೆಯಬೇಕು, ದಿನಕ್ಕೆ ಮೂವತ್ತು ಸಲ ಎಂದು ಹೇಳಿ ಕಳಿಸಿದಳು.

ಹಾಗೆ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ನಿಂತು, ಹಲ್ಲು ಕಚ್ಚಿ, ಹನ್ನೆರಡು, ಹದಿಮೂರು ಎಂದು ಎಣಿಸುತ್ತಿದ್ದಾಗ ರಜೆಗೆ ಬಂದಿದ್ದ ಮೊಮ್ಮಗಳು ಕೇಳಿದಳು: "ಅಜ್ಜೀ, ಬಾಣ ಎಲ್ಲಿ?"

ನಕ್ಕುಬಿಟ್ಟೆ. ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ನಾನು ಅವಳಷ್ಟಿದ್ದಾಗ ನಮ್ಮ ಮನೆಯಲ್ಲಿ ಬಿಲ್ಲಿತ್ತು. ಅಣ್ಣ ಬಿದಿರು ಸೀಳಿ ಮಾಡಿಕೊಂಡದ್ದು. ಬಾಳೆಗೊನೆಗೆ ಬರುವ ಮಂಗಗಳನ್ನು ಓಡಿಸುವುದು ಅವನ ಕೆಲಸ, ತೋಟದಲ್ಲೆಲ್ಲ ಬಿದ್ದ ಬಾಣಗಳನ್ನು ಹೆಕ್ಕಿ ತರುವುದು ನನ್ನ ಕೆಲಸ. ಒಮ್ಮೆ ನನಗೂ ಕೊಡು ಎಂದು ಕೇಳಿದ್ದಕ್ಕೆ "ಹೆಣ್ಣುಮಕ್ಕಳು ಎಳೆದರೆ ಹೆದೆ ಕಡಿಯುತ್ತದೆ" ಎಂದಿದ್ದ. ನಾನದನ್ನು ನಂಬಿದ್ದೆ, ಒಂದೆರಡು ದಿನವಲ್ಲ, ಹತ್ತು ವರ್ಷ! ಬಿಎ ಓದುವಾಗ ಪ್ರವಾಸಕ್ಕೆಂದು ಬೇಲೂರಿಗೆ ಹೋದೆವು. 1117ರ ಆ ದೇವಾಲಯದ ಮದನಿಕೆಯರ ನಡುವೆ, ಕನ್ನಡಿ ನೋಡಿಕೊಳ್ಳುವವಳು, ಕುಣಿಯುವವಳು ಎಲ್ಲರ ಜೊತೆ, ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಒಬ್ಬಳಿದ್ದಳು. ಇವಳ ಹೆದೆ ಕಡಿದಿಲ್ಲವಲ್ಲ ಎಂದು ಆಗ ಅನ್ನಿಸಿತು. ಅಣ್ಣನಿಗೆ ಕಾಗದ ಬರೆಯಬೇಕೆಂದುಕೊಂಡೆ. ಬರೆಯಲಿಲ್ಲ.

"ಬಿಲ್ಲು ಬೇಕಾದರೆ ಆನ್‌ಲೈನಿನಲ್ಲಿ ತರಿಸಿಕೊಡುತ್ತೇನೆ ಅಮ್ಮ" ಎಂದಳು ಮಗಳು. ಅವಳು ತೋರಿಸಿದ್ದರಲ್ಲಿ ಅಗ್ಗದ್ದು ಪ್ಲಾಸ್ಟಿಕ್ ಆಟಿಕೆ. ಸ್ಪರ್ಧೆಗೆ ಒಯ್ಯುವಂಥದ್ದನ್ನು ಎಲ್ಲ ಸಾಮಾನಿನೊಂದಿಗೆ ಕೊಂಡರೆ ಲಕ್ಷ ದಾಟುತ್ತದೆ. ಜಾರ್ಖಂಡದ ದೀಪಿಕಾ ಕುಮಾರಿ ಮೊದಲು ಕಲಿತದ್ದು ಮನೆಯಲ್ಲೇ ಮಾಡಿದ ಬಿದಿರಿನ ಬಿಲ್ಲಿನಲ್ಲಿ ಎಂದು ಓದಿದ್ದೆ. ರಾಜಸ್ಥಾನದ ಲಿಂಬಾ ರಾಮ್ ಕೂಡ ಹಾಗೆಯೇ. ನನಗೇನು ಒಲಿಂಪಿಕ್ಸಿಗೆ ಹೋಗುವುದಿತ್ತೆ? "ಬೇಡ, ಮನೆಯಲ್ಲಿ ಮರ ಇದೆ" ಎಂದೆ. ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಯಾವ ಮರ ಎಂದು ಅವಳಿಗೆ ಗೊತ್ತು.

ನಮ್ಮ ಮನೆಯವರಿಗೆ ಮರದ ಹುಚ್ಚು. ಬ್ಯಾಂಕಿನಲ್ಲಿ ಲೆಕ್ಕ ಬರೆಯುವ ಕೆಲಸ, ಆದರೆ ಎಲ್ಲಾದರೂ ಹಳೇ ಮನೆ ಕೀಳುತ್ತಾರೆಂದರೆ ರಜೆ ಹಾಕಿ ಹೋಗಿ ನಿಲ್ಲುತ್ತಿದ್ದರು. ತೇಗ, ಹಲಸು, ಮತ್ತಿ ಎಂದು ನಾಲ್ಕೈದು ಕಡೆಯಿಂದ ಹಲಗೆ ತಂದು ಅಡಿಗೆಮನೆಯ ಮೇಲಿನ ಅಟ್ಟದಲ್ಲಿ ಒಟ್ಟಿದ್ದರು. ನಿವೃತ್ತಿಯಾದ ಮೇಲೆ ತೂಗುಮಂಚ ಮಾಡಿಸುವುದೆಂದು ಮಾತು. ಮದುವೆ ಕಾಗದವೊಂದರ ಬೆನ್ನಿಗೆ ಅದರ ನಕ್ಷೆಯನ್ನೂ ಬರೆದಿಟ್ಟಿದ್ದರು. 2021ರಲ್ಲಿ ಅವರು ಹೋದರು. ನಕ್ಷೆ ಡ್ರಾಯರಿನಲ್ಲಿ, ಹಲಗೆ ಅಟ್ಟದಲ್ಲಿ ಉಳಿದವು. ಮಾರಿಬಿಡು ಎಂದವರಿದ್ದರು, ಗೆದ್ದಲು ಬರುತ್ತದೆ ಎಂದು ಹೆದರಿಸಿದವರಿದ್ದರು. ನಾನು ವರ್ಷಕ್ಕೊಮ್ಮೆ ಹತ್ತಿ ಧೂಳು ಹೊಡೆದು ಇಳಿಯುತ್ತಿದ್ದೆ.

2024ರ ದಸರಾ ರಜೆಯಲ್ಲಿ ಆಚಾರ್ರನ್ನು ಕರೆಸಿದೆ. ಮಗಳ ತೊಟ್ಟಿಲಿನಿಂದ ಹಿಡಿದು ದೇವರ ಮಂಟಪದವರೆಗೆ ನಮ್ಮ ಮನೆಯ ಮರಗೆಲಸವೆಲ್ಲ ಅವರದೇ. ವಿಷಯ ಕೇಳಿ, ಕಿವಿಯಲ್ಲಿದ್ದ ಪೆನ್ಸಿಲು ತೆಗೆದು ಮತ್ತೆ ಕಿವಿಗೇ ಸಿಕ್ಕಿಸಿಕೊಂಡರು. "ನಾಟಕಕ್ಕಾ ಅಕ್ಕೋರೆ?"

"ಅಲ್ಲ, ಹೊಡೆಯೋದಕ್ಕೆ."

"ಯಾರು?"

"ನಾನು."

ಅವರು ನಗಲಿಲ್ಲ. ಆ ಒಂದು ಉಪಕಾರಕ್ಕೆ ನಾನು ಅವರಿಗೆ ಸದಾ ಋಣಿ. ಏಣಿ ಹತ್ತಿ ಹಲಗೆಗಳನ್ನು ಒಂದೊಂದಾಗಿ ಇಳಿಸಿದರು, ಉಗುರಿನಲ್ಲಿ ಕೆರೆದರು, ಮೂಸಿದರು. ತೇಗದ ಮೇಲೆ ನನ್ನ ಕಣ್ಣಿತ್ತು, ಅವರು ಅದನ್ನು ಬದಿಗಿಟ್ಟರು. ಕೊನೆಗೆ ಆರಡಿ ಉದ್ದ, ಐದಿಂಚು ಅಗಲದ ಬಣ್ಣಗೆಟ್ಟ ಹಲಗೆಯೊಂದನ್ನು ಬೆಳಕಿಗೆ ಹಿಡಿದು "ತಡಸಲು" ಎಂದರು. ಹೊರೆ ಹೊರುವ ಅಡ್ಡೆಗೆ, ಕೊಡಲಿಯ ಕಾವಿಗೆ ಹಿಂದೆ ಇದನ್ನೇ ಹುಡುಕುತ್ತಿದ್ದರಂತೆ. ಬಾಗಿದರೂ ಮತ್ತೆ ನೆಟ್ಟಗಾಗುವ ಜಾತಿ. ಈ ಮರಕ್ಕೆ ಸಂಸ್ಕೃತದಲ್ಲಿ ಧನ್ವನ ಎಂದು ಹೆಸರು. ಹೆಸರಿನಲ್ಲೇ ಬಿಲ್ಲಿದೆ. ಅದು ನನಗೆ ಆಮೇಲೆ ತಿಳಿದದ್ದು, ಆಚಾರ್ರಿಗೆ ಅದರ ಅಗತ್ಯವಿರಲಿಲ್ಲ.

ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು. ಮೇಲಿನ ಸಾಲಿನಲ್ಲಿ 'ಮಂಚ', ಕೆಳಗೆ 'ತಲೆಕಡೆ'. ಅವರ ಅಕ್ಷರ. ಇಂಥ ಹಲಗೆ ಇದ್ದದ್ದು ಒಂದೇ.

ಒಂದೇ ಹಲಗೆ ಎಂದ ಮೇಲೆ ಯಾವ ಮಾದರಿಯ ಬಿಲ್ಲು ಎಂಬುದನ್ನು ಮೊದಲೇ ಗಟ್ಟಿ ಮಾಡಿಕೊಳ್ಳಬೇಕಲ್ಲ. ಸೀರೆ ಕತ್ತರಿಸಿ ರವಿಕೆ ಹೊಲಿಯುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ಮನಸ್ಸಿನಲ್ಲಿದ್ದದ್ದು ಕ್ಯಾಲೆಂಡರಿನ ರಾಮನ ಬಿಲ್ಲು, ನಡುವೆ ಒಳಕ್ಕೆ ತಗ್ಗಿ ಎರಡು ಕಡೆಯೂ ಉಬ್ಬಿ ತುದಿಯಲ್ಲಿ ಹೊರಕ್ಕೆ ಬಾಗಿದ್ದು. ಮಗಳು ಕಳಿಸಿದ ಒಂದೆರಡು ಪುಸ್ತಕ ನೋಡಿದ ಮೇಲೆ ಆ ಆಸೆ ಬಿಟ್ಟೆ. ಅಂಥ ಬಾಗು ಒಂದೇ ಹಲಗೆಯಿಂದ ಬರುವುದಲ್ಲ. ತುರ್ಕರೂ ಮೊಗಲರೂ ಮರದ ಒಂದು ಮೈಗೆ ಕೊಂಬು, ಇನ್ನೊಂದು ಮೈಗೆ ಪ್ರಾಣಿಯ ಸ್ನಾಯು ಅಂಟಿಸಿ, ತಿಂಗಳುಗಟ್ಟಲೆ ಒಣಗಿಸಿ ಮಾಡುತ್ತಿದ್ದರು. ನಮ್ಮ ಆಚಾರ್ರ ಬಳಿ ಇದ್ದದ್ದು ಫೆವಿಕಾಲ್ ಡಬ್ಬಿ.

ರಾಮನ ಬಿಲ್ಲಿನ ವಿಚಾರ ಬಂತು, ಒಂದು ಮಾತು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಶಾಮಾಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಸಿಕ್ಕಿದ ಕಥೆಯನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. 1909ರಲ್ಲಿ ಅವರು ಅದನ್ನು ಅಚ್ಚು ಮಾಡಿಸಿದರು ಎನ್ನುವಲ್ಲಿಗೆ ಪಾಠ ಮುಗಿಯುತ್ತದೆ. ಒಳಗೇನಿದೆ ಎಂದು ನೋಡಿದ್ದು ಈಗಲೇ. ಆಯುಧಾಗಾರದ ಅಧ್ಯಾಯದಲ್ಲಿ ಬಿಲ್ಲಿಗೆ ತಾಳೆ, ಬಿದಿರು, ಮರ, ಕೊಂಬು ಎಂದು ನಾಲ್ಕು ಸಾಮಗ್ರಿ. ಶಾಸ್ತ್ರಿಗಳ ಅನುವಾದದ ಪ್ರಕಾರ ಒಂದೊಂದಕ್ಕೂ ಬೇರೆ ಹೆಸರು: ತಾಳೆಯದು ಕಾರ್ಮುಕ, ಬಿದಿರಿನದು ಕೋದಂಡ, ಮರದ್ದು ದ್ರೂಣ, ಕೊಂಬಿನದು ಧನುಸ್ಸು. ಹಾಗಾದರೆ ಕೋದಂಡರಾಮನ ಕೈಯಲ್ಲಿದ್ದದ್ದು ನಮ್ಮಣ್ಣನ ಜಾತಿಯ ಬಿದಿರಿನ ಬಿಲ್ಲು! ನನ್ನದು ದ್ರೂಣ. ಈ ಹೆಸರಿನಲ್ಲಿ ಯಾವ ದೇವರೂ ಇಲ್ಲವೆಂದು ಸ್ವಲ್ಪ ಸಮಾಧಾನವಾಯಿತು. ಕೆಟ್ಟರೆ ಯಾರಿಗೂ ಅಪಚಾರವಿಲ್ಲ.

ಕ್ಯಾಲೆಂಡರಿನ ಬಿಲ್ಲು ಹೋದ ಮೇಲೆ ಮನಸ್ಸು ಇಂಗ್ಲಿಷರ ಉದ್ದ ಬಿಲ್ಲಿನ ಮೇಲೆ ಬಿತ್ತು. ಚಿತ್ರದಲ್ಲಿ ಎಷ್ಟು ಚಂದ! ಸಪೂರ, ಗುಂಡಗೆ, ಆಳೆತ್ತರ. 1545ರಲ್ಲಿ ಮುಳುಗಿದ ಮೇರಿ ರೋಸ್ ಎಂಬ ಹಡಗನ್ನು 1982ರಲ್ಲಿ ಮೇಲೆತ್ತಿದರಲ್ಲ, ಅದರಲ್ಲಿ ನೂರಕ್ಕೂ ಹೆಚ್ಚು ಇಂಥ ಬಿಲ್ಲುಗಳು ಮುರಿಯದೆ ಸಿಕ್ಕಿದ್ದವು. ನಾಲ್ಕು ಶತಮಾನ ಸಮುದ್ರದಲ್ಲಿದ್ದೂ ಮುರಿಯದ್ದು ನನ್ನ ಹಿತ್ತಲಲ್ಲಿ ಮುರಿದೀತೆ ಎಂದು ವಾದಿಸಿದೆ. ಆಚಾರ್ರು ಹಲಗೆಯನ್ನೇ ನೋಡುತ್ತ "ಅಗಲ ಬಿಡಿ ಅಕ್ಕೋರೆ, ದಪ್ಪ ತೆಗೀರಿ" ಎಂದರು. ಅವರು ಪುಸ್ತಕ ಓದಿದವರಲ್ಲ. ನಾನು ಓದಿದವಳು. ಆದ್ದರಿಂದ ಅವರ ಮಾತು ಕೇಳಲಿಲ್ಲ.

ಒಳ್ಳೆಯ ಹಲಗೆ ಮುಟ್ಟುವ ಮೊದಲು ಒಂದು ಪರೀಕ್ಷೆಯಾಗಲಿ ಎಂದು ಸಾಮಿಲ್ಲಿನಿಂದ ಸಿಲ್ವರ್ ಓಕಿನ ತುಂಡು ತರಿಸಿ, ನನ್ನ ಹಟದಂತೆ ಸಪೂರವಾಗಿ, ಒಂದಿಂಚು ಅಗಲ, ಮುಕ್ಕಾಲಿಂಚು ದಪ್ಪಕ್ಕೆ ಕೀಸಿಸಿದೆ. ನೋಡಲು ನಿಜಕ್ಕೂ ಚಂದವಿತ್ತು. ಮೂರನೆಯ ಸಲ ಎಳೆದಾಗ, ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಪಟಾಕಿಯಂತೆ ಸಿಡಿಯಿತು. ಮೇಲಿನ ತುಂಡು ಹಾರಿ ಗೋಡೆಯ ಕ್ಯಾಲೆಂಡರಿಗೆ ಬಡಿಯಿತು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿ "ಏನಾಯ್ತು ಟೀಚರ್?" ಎಂದರು. ಕುಕ್ಕರ್ ಎಂದು ಸುಳ್ಳು ಹೇಳಿದೆ.

ಆ ಮುರಿದ ತುಂಡನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ತಪ್ಪಾದ ಲೆಕ್ಕವನ್ನು ಮತ್ತೆ ಮತ್ತೆ ನೋಡುವ ಅಭ್ಯಾಸ ನನಗೆ ವೃತ್ತಿಯಿಂದ ಬಂದದ್ದು. ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ಅದು ಬೆನ್ನು. ನಮ್ಮ ಕಡೆಗಿರುವ ಮೈ ಕುಗ್ಗುತ್ತದೆ, ಅದು ಹೊಟ್ಟೆ. ದಪ್ಪ ಹೆಚ್ಚಿದಷ್ಟೂ ಎರಡರ ಮೇಲೂ ಎಳೆತ ಹೆಚ್ಚು. ಮಕ್ಕಳ ಮರದ ಸ್ಕೇಲನ್ನು ಅಗಲದ ಕಡೆಯಿಂದ ಬಾಗಿಸಿದರೆ ಸುಲಭವಾಗಿ ಬಾಗುತ್ತದೆ, ಅಂಚಿನ ಮೇಲೆ ನಿಲ್ಲಿಸಿ ಬಾಗಿಸಲು ಹೋದರೆ ಬಾಗುವುದೇ ಇಲ್ಲ. ಅಗಲವನ್ನು ಎರಡರಷ್ಟು ಮಾಡಿದರೆ ಬಿಲ್ಲಿನ ಬಿಗಿ ಎರಡರಷ್ಟಾಗುತ್ತದೆ, ದಪ್ಪವನ್ನು ಎರಡರಷ್ಟು ಮಾಡಿದರೆ ಎಂಟರಷ್ಟಾಗುತ್ತದೆ. ಇಂಗ್ಲಿಷರಿಗೆ ಯೂ ಎಂಬ ಮರವಿತ್ತು. ಅದರ ಹೊರಗಿನ ಬಿಳಿ ಮರ ಹಿಗ್ಗುವುದಕ್ಕೆ ಒಳ್ಳೆಯದು, ಒಳಗಿನ ಚೇಗು ಕುಗ್ಗುವುದಕ್ಕೆ ಒಳ್ಳೆಯದು, ಎರಡೂ ಒಂದೇ ಕೋಲಿನಲ್ಲಿ. ಅವರ ಸಪೂರ ಬಿಲ್ಲು ಆ ಮರಕ್ಕೆ ಒಪ್ಪುವ ಮಾದರಿ. 1930ರ ದಶಕದಲ್ಲಿ ಹಿಕ್‌ಮನ್, ಕ್ಲಾಪ್‌ಸ್ಟೆಗ್ ಮೊದಲಾದ ಅಮೆರಿಕದ ವಿಜ್ಞಾನಿಗಳು ಬಿಡುವಿನ ಹವ್ಯಾಸಕ್ಕೆಂದು ಬಿಲ್ಲನ್ನು ಅಳೆದು ತೂಗಿ ನೋಡಿ, ಚಪ್ಪಟೆ ಬಿಲ್ಲೇ ಮೇಲು ಎಂದು ತೋರಿಸಿದರು. ಅಂದರೆ, ಅಗಲ ಬಿಡಿ, ದಪ್ಪ ತೆಗೀರಿ.

ಮುರಿದದ್ದಕ್ಕೆ ಇನ್ನೊಂದು ಕಾರಣವೂ ಕಂಡಿತು. ಹಲಗೆಯ ಎಳೆಗಳು ಈ ತುದಿಯಿಂದ ಆ ತುದಿಗೆ ನೇರವಾಗಿ ಓಡಬೇಕು. ಸಿಲ್ವರ್ ಓಕಿನ ತುಂಡಿನಲ್ಲಿ ಅವು ನಡುದಾರಿಯಲ್ಲೇ ಅಂಚಿಗೆ ಬಂದು ಮುಗಿದುಹೋಗಿದ್ದವು. ಸೀಳು ಹೋದದ್ದು ಸರಿಯಾಗಿ ಅದೇ ಗೆರೆಯಲ್ಲಿ.

ಆಚಾರ್ರಿಗೆ ಹೇಳಿಕಳಿಸಿದೆ. ಅವರು ಬಂದು "ನಾನು ಹೇಳಿರಲಿಲ್ವಾ" ಎನ್ನಲಿಲ್ಲ. ಗಂಡಸರಲ್ಲಿ ಇದು ಅಪರೂಪವೆಂದು ಬರೆದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಇಬ್ಬರೂ ಕುಳಿತು ನಿಶ್ಚಯ ಮಾಡಿದೆವು. ಹಿಡಿಯ ಪಕ್ಕದಲ್ಲಿ ಎರಡೂಕಾಲಿಂಚು ಅಗಲ, ಅಲ್ಲಿಂದ ತುದಿಯವರೆಗೆ ಗೋಪುರದಂತೆ ನೇರವಾಗಿ ಕಿರಿದಾಗುತ್ತ ಅರ್ಧ ಇಂಚು. ದಪ್ಪ ಮಾತ್ರ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ, ನಾಲ್ಕು ಸೂತದಿಂದ ಶುರುಮಾಡಿ ಮೂರರ ಹತ್ತಿರಕ್ಕೆ ತರುವುದು. ಹೀಗೆ ಮಾಡಿದರೆ ರೆಕ್ಕೆಗಳು ಚಕ್ರದ ಅಂಚಿನ ಹಾಗೆ ಒಂದೇ ಸಮ ಬಾಗುತ್ತವೆ, ಹೊಸಬರ ಕೈಗೂ ಸಾಧ್ಯ. ಹಿಡಿಯನ್ನು ಕೈಗೆ ಹೊಂದುವಷ್ಟು ಸಪೂರ ಮಾಡಿ, ಅಲ್ಲಿ ಬಾಗದಂತೆ ಹೊಟ್ಟೆಯ ಕಡೆಗೆ ಒಂದು ತುಂಡು ಮರ ಅಂಟಿಸುವುದು. ನಾನು ಐದಡಿ ಒಂದಿಂಚು ಇರುವವಳು, ಎಳೆಯುವುದು ಇಪ್ಪತ್ತನಾಲ್ಕು ಇಂಚು, ಅದಕ್ಕೆ ಅರವತ್ತಾರು ಇಂಚಿನ ಬಿಲ್ಲು ಧಾರಾಳವಾಯಿತು. ಉದ್ದವಿದ್ದಷ್ಟೂ ಮರಕ್ಕೆ ಕಷ್ಟ ಕಡಿಮೆ. ಬಿಗಿ ಎಷ್ಟಿರಬೇಕು ಎಂದು ಕೇಳಿದರು. ಒಂಬತ್ತು ಕೇಜಿ ಎಂದೆ. ಅದಕ್ಕಿಂತ ಹೆಚ್ಚು ಈ ಭುಜಕ್ಕೆ ಬೇಡವೆಂದು ಡಾಕ್ಟರನ್ನು ಕೇಳಿಯೇ ಬಂದಿದ್ದೆ.

ಹಲಗೆಯನ್ನು ಉದ್ದಕ್ಕೆ ಎರಡು ಮಾಡಬೇಕು. ಮೇಲಿನ ಅರ್ಧದಲ್ಲಿ ಎಳೆ ನೇರ, ಕೆಳಗಿನದರಲ್ಲಿ ಒಂದು ಗಂಟು. ಗೆರೆ ಹೋಗಬೇಕಾದದ್ದು ಎರಡು ಸಾಲುಗಳ ನಡುವೆ. ಆಚಾರ್ರು ದಾರಕ್ಕೆ ಬಣ್ಣ ಹಾಕಿ ಗೆರೆ ಹೊಡೆದು ಗರಗಸ ಹಿಡಿದು ನನ್ನ ಮುಖ ನೋಡಿದರು. "ಮಂಚಕ್ಕಂತ ಇಟ್ಟದ್ದು" ಎಂದರು. ನಾನು ಕಾಫಿ ಮಾಡುತ್ತೇನೆಂದು ಒಳಗೆ ಹೋದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುವವರೆಗೂ ಗರಗಸದ ಸದ್ದು ಕೇಳುತ್ತಲೇ ಇತ್ತು. ಹೊರಗೆ ಬಂದಾಗ ಎರಡು ಹಲಗೆ ಗೋಡೆಗೆ ಒರಗಿ ನಿಂತಿದ್ದವು. ಒಂದರ ಮೇಲೆ 'ಮಂಚ', ಇನ್ನೊಂದರ ಮೇಲೆ 'ತಲೆಕಡೆ'.

ಬೆನ್ನಿನ ಕಡೆಗೆ ಕೀಸುಳಿ ಹಾಕಬಾರದು, ಎಳೆ ಕಡಿಯುತ್ತದೆ. ಕೀಸುವುದೆಲ್ಲ ಹೊಟ್ಟೆಯ ಕಡೆಯಿಂದ. ಹಾಗಾಗಿ ಅಕ್ಷರ ಬೆನ್ನಿನ ಮೇಲೆ ಉಳಿಯಿತು. "ಸ್ಯಾಂಡ್‌ಪೇಪರಿನಲ್ಲಿ ಒಂದು ಕೈ ಉಜ್ಜಿಬಿಡಲಾ?" ಎಂದರು. ಬೇಡವೆಂದೆ.

ಮುಂದಿನದು ಎರಡು ವಾರದ ಕೆಲಸ. ಕೊಟ್ಟಿಗೆಯ ಗೋಡೆಗೆ ಒಂದು ಗೂಟ ಹೊಡೆದು ಅದರ ಮೇಲೆ ಬಿಲ್ಲಿನ ಹಿಡಿ ಕೂರಿಸಿ, ಪಂಪು ಬಂದ ಮೇಲೆ ಸುಮ್ಮನೆ ಬಿದ್ದಿದ್ದ ಬಾವಿಯ ರಾಟೆಯನ್ನು ಕೆಳಗೆ ಬಿಗಿದು, ಹೆದೆಗೆ ಕಟ್ಟಿದ ಹಗ್ಗವನ್ನು ಅದರ ಮೂಲಕ ಹಾಯಿಸಿ ದೂರದಿಂದ ಎಳೆಯುವುದು. ಶಾಲೆಯಿಂದ ಮರದ ದೊಡ್ಡ ಕೈವಾರ ತಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಮಾನು ಬರೆದಿದ್ದೆ. ನಾನು ಹಗ್ಗ ಎಳೆಯುವುದು, ಆಚಾರ್ರು ಕಣ್ಣು ಕಿರಿದು ಮಾಡಿ ಬಿಲ್ಲು ಕಮಾನಿಗೆ ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ನೋಡುವುದು. ಬಾಗದೆ ನಿಂತ ಜಾಗಕ್ಕೆ ಪೆನ್ಸಿಲಿನ ಗುರುತು ಹಾಕಿ, ಅಲ್ಲಿಂದ ಮಾತ್ರ ಎರಡು ಎಳೆತ ಕೀಸುವುದು. ಹೆಚ್ಚು ಬಾಗಿದ ಜಾಗವನ್ನು ಮುಟ್ಟಲೇಬಾರದು. ಒಂದೇ ಕಡೆ ಬಾಗಿ ಉಳಿದದ್ದೆಲ್ಲ ಸೆಟೆದು ನಿಂತರೆ, ಮುರಿಯುವುದು ಬಾಗಿದ ಜಾಗವೇ. ಮನೆಗಳಲ್ಲಿ ಈ ಬಾಗುವ ಜಾಗ ಯಾರದೆಂದು ಬರೆಯಹೊರಟರೆ ಬಿಲ್ಲಿನ ಕಥೆ ಮುಗಿಯುವುದಿಲ್ಲ. ಪ್ರತಿಸಲ ಕೀಸಿದ ಮೇಲೂ ಇಪ್ಪತ್ತು ಮೂವತ್ತು ಸಲ ಮೆಲ್ಲಗೆ ಎಳೆದು ಬಿಟ್ಟು ಮರಕ್ಕೆ ಹೊಸ ಬಾಗನ್ನು ರೂಢಿ ಮಾಡಿಸಬೇಕು. ಮೂವತ್ತು ಸಲ! ನನ್ನ ರಬ್ಬರ್ ಪಟ್ಟಿಯ ಲೆಕ್ಕವೂ ಅಷ್ಟೇ. ಆ ವಾರ ಪಟ್ಟಿ ಮುಟ್ಟಲಿಲ್ಲ, ಹಗ್ಗ ಎಳೆದೇ ಸಾಕಾಯಿತು.

ತೂಕ ನೋಡಲು ಹಳೇ ಪೇಪರ್ ಕೊಳ್ಳುವವನ ಕೊಕ್ಕೆ ತಕ್ಕಡಿಯನ್ನು ಒಂದು ಗಂಟೆಗೆ ಸಾಲ ಪಡೆದೆ. ಅವನ ತಕ್ಕಡಿಯ ಸಾಚಾತನ ನನಗೆ ಗೊತ್ತಿದ್ದದ್ದರಿಂದ ಮೊದಲು ಐದು ಕೇಜಿ ಅಕ್ಕಿ ಚೀಲ ತೂಗಿ ನೋಡಿದೆ. ನಾಲ್ಕೂಕಾಲು ತೋರಿಸಿತು. ಆ ವ್ಯತ್ಯಾಸ ಕೂಡಿಸಿಕೊಂಡು ಲೆಕ್ಕ ಹಾಕಿದರೆ ಬಿಲ್ಲು ಒಂಬತ್ತೂವರೆಗೆ ಬಂತು. ಇರಲಿ ಎಂದೆ.

ಬಿಲ್ಲಿನ ತುದಿಯಲ್ಲಿ ಹೆದೆ ಸಿಕ್ಕಿಸುವ ಕಚ್ಚಿಗೆ ಹಳಗನ್ನಡದಲ್ಲಿ ಕೊಪ್ಪು ಎಂಬ ಹೆಸರಿದೆ. ನಮ್ಮಜ್ಜಿ ಕಿವಿಯ ಮೇಲಂಚಿಗೆ ಹಾಕಿಕೊಳ್ಳುತ್ತಿದ್ದ ಒಡವೆಗೂ ಅದೇ ಹೆಸರು. ಹೆದೆಗೆ ಕೌಟಿಲ್ಯ ಎಕ್ಕ, ಸೆಣಬು, ಬಿದಿರು, ಸ್ನಾಯು ಎಂದೆಲ್ಲ ಹೇಳುತ್ತಾನೆ. ನಾನು ಚಪ್ಪಲಿ ಹೊಲಿಯುವವರು ಬಳಸುವ ಪಾಲಿಯೆಸ್ಟರ್ ದಾರವನ್ನು ಹನ್ನೆರಡು ಎಳೆ ಮಾಡಿ, ಹೂವಿನ ದಂಡೆಯಂತೆ ಬಿಗಿಯಾಗಿ ಹೊಸೆದೆ. ಬೆನ್ನು ಸಿಬಿರೆದ್ದು ಸೀಳದಿರಲೆಂದು ಬಟ್ಟೆ ಅಂಟಿಸುವ ಪದ್ಧತಿಯಿದೆ, ರೇಷ್ಮೆಯಾದರೆ ಒಳ್ಳೆಯದು. ಅಮ್ಮನ ಹಳೆಯ ಮೈಸೂರು ಸಿಲ್ಕ್ ಸೀರೆ ಮಡಿಕೆಯಲ್ಲಿ ಬಿಟ್ಟುಕೊಂಡಿತ್ತು. ಗಟ್ಟಿಯಿದ್ದ ಕಡೆಯಿಂದ ಎರಡು ಪಟ್ಟಿ ಹರಿದು, ಫೆವಿಕಾಲ್ ಹಚ್ಚಿ, ಗಾಳಿ ಉಳಿಯದಂತೆ ಚಮಚದ ಬೆನ್ನಿನಿಂದ ಒತ್ತಿ ಅಂಟಿಸಿದೆ. 'ಮಂಚ' ಅದರ ಕೆಳಗೆ ಹೋಯಿತು.

ಬಾಣ ಹೂಡದೆ ಹೆದೆ ಎಳೆದು ಬಿಡಬಾರದು ಎಂಬುದು ಮೊದಲ ಪಾಠ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ತಿರುಗಿ ಮರಕ್ಕೇ ಹೊಡೆಯುತ್ತದೆ. ಯಕ್ಷಗಾನದಲ್ಲೂ ಸೀರಿಯಲ್ಲಿನಲ್ಲೂ ವೀರರು ಮಾತೆತ್ತಿದರೆ ಬರೀ ಹೆದೆ ಮಿಡಿದು ಟೇಂಕಾರ ಮಾಡುತ್ತಾರೆ. ಇದನ್ನು ಹೇಳಿದಾಗ ಆಚಾರ್ರು ಶಿವಧನುಸ್ಸಿನ ಬಗ್ಗೆ ತಮ್ಮ ಅಭಿಪ್ರಾಯ ಕೊಟ್ಟರು: "ಅಷ್ಟು ವರ್ಷ ಕಬ್ಬಿಣದ ಪೆಟ್ಟಿಗೇಲಿ ಇಟ್ಟ ಬಿಲ್ಲು ಅಕ್ಕೋರೆ. ಒಣಗಿ ಮುರೀದೆ ಇನ್ನೇನು?"

ಹಿತ್ತಲ ಹಲಸಿನ ಬುಡಕ್ಕೆ ಹುಲ್ಲು ತುಂಬಿದ ಗೋಣಿಚೀಲ ಒರಗಿಸಿ, ಹಿಂದೆ ಹಳೇ ಹಾಸಿಗೆ ಕಟ್ಟಿ, ಹದಿನೈದು ಹೆಜ್ಜೆ ದೂರದಲ್ಲಿ ನಿಂತೆ. ಆ ಸೆಪ್ಟೆಂಬರಿನಲ್ಲಷ್ಟೇ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸಿನಲ್ಲಿ, ಎರಡೂ ತೋಳಿಲ್ಲದ ಶೀತಲ್ ದೇವಿ ಕಾಲಿನಲ್ಲಿ ಬಿಲ್ಲು ಹಿಡಿದು ಕಂಚು ಗೆದ್ದದ್ದನ್ನು ಟೀವಿಯಲ್ಲಿ ನೋಡಿದ್ದೆ. ನನ್ನ ಭುಜದ ಬಗ್ಗೆ ಆಮೇಲೆ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಸೆರಗು ಸಿಕ್ಕಿಸಿ, ಬಳೆ ತೆಗೆದಿಟ್ಟು, ಎಳೆದೆ. ಮರ ಸದ್ದು ಮಾಡಲಿಲ್ಲ. ಗಲ್ಲದವರೆಗೆ ಬಂತು. ಬಿಟ್ಟೆ.

ಬಾಣ ಗೋಣಿಯನ್ನು ದಾಟಿ, ಹಾಸಿಗೆಯನ್ನು ದಾಟಿ, ದಾಸವಾಳದ ಗಿಡದೊಳಗೆ ಹೋಗಿ ಮರೆಯಾಯಿತು. ಆಚಾರ್ರು ಹೆಕ್ಕಿ ತರಲು ಹೊರಟರು. "ನೀವಿರಿ" ಎಂದು ನಾನೇ ಹೋದೆ. ಎರಡನೆಯದು ನೆಲಕ್ಕೆ ಬಿತ್ತು. ಏಳನೆಯದೋ ಎಂಟನೆಯದೋ ಗೋಣಿಗೆ ನಾಟಿತು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಸ್ಟೂಲು ಹಾಕಿಕೊಂಡು ಕಾಂಪೌಂಡಿನ ಮೇಲೆ ಮೊಣಕೈಯೂರಿ ನಿಂತಿದ್ದರು. "ಕುಕ್ಕರ್ ಇದೇನಾ?" ಎಂದರು. ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, "ನನಗೂ ಒಂದ್ಸಲ ಕೊಡ್ತೀರಾ?"

ರಾತ್ರಿ ಮೊಮ್ಮಗಳಿಗೆ ಫೋನು ಮಾಡಿ ಬಾಣ ಸಿಕ್ಕಿತೆಂದು ಹೇಳಿದೆ. ಅವಳಿಗೂ ಒಂದು ಬೇಕಂತೆ. ಮರುದಿನ ಕೂಲಿ ಲೆಕ್ಕಕ್ಕೆ ಬಂದ ಆಚಾರ್ರಿಗೆ ವಿಷಯ ಹೇಳಿದೆ. ಅವರು ಗೋಡೆಗೊರಗಿದ್ದ 'ತಲೆಕಡೆ'ಯನ್ನು ಎತ್ತಿಕೊಂಡು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು. "ಗಂಟಿದೆ ಅಕ್ಕೋರೆ. ದೊಡ್ಡವರಿಗೆ ಆಗಲ್ಲ. ಮಗುವಿಗಾದ್ರೆ, ಗಂಟು ಬಿಟ್ಟು ನಾಲ್ಕಡಿ ಸಿಗ್ತದೆ."